ಉಕ್ಕಿನ ಅಂಗಿ ತೊಟ್ಟ ಕಲ್ಲು

ನನಗೆ ಸಿಟ್ಟು ಬೇಗ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಮದುವೆಯ ಮಾತುಕತೆಗೆ ಕೂತಾಗ ನಮ್ಮಪ್ಪ, "ಹುಡುಗಿ ಕೆಲಸದಾಗ ಭಾಳ ಚುರುಕ ಅದಾಳ್ರಿ, ಬಾಯಿ ಮಾತ್ರ ಜರಾ..." ಅಂತ ಅರ್ಧಕ್ಕೆ ನಿಲ್ಲಿಸಿದ್ದರಂತೆ. ಎದುರು ಕೂತಿದ್ದ ನಮ್ಮ ಅತ್ತೆ ನಕ್ಕು, "ನಮ್ಮದು ಮೋಡಕಾ ಅಂಗಡಿ ಐತ್ರಿ ಬೀಗರ. ಬಾಯಿ ಇಲ್ಲದಾಕಿನ್ನ ಕರಕೊಂಡು ಏನ ಮಾಡೂನು?" ಅಂದರಂತೆ. ಅಲ್ಲಿಗೆ ಮಾತು ಮುಗಿದು ಸಕ್ಕರೆ ಹಂಚಿದರು. ಇಪ್ಪತ್ತು ವರ್ಷದಿಂದ ನಾನು ಬೈಲಹೊಂಗಲದ ಈ ಗುಜರಿ ಅಂಗಡಿಯ ಸೊಸೆ.

ಅಂಗಡಿ ಅಂದರೆ ಒಂದು ತಗಡಿನ ಶೆಡ್ಡು, ಅದರ ಹಿಂದೆ ಎರಡು ಕೋಣೆಯ ಮನೆ. ಶೆಡ್ಡಿನಲ್ಲಿ ಒಂದು ಕಡೆ ಕಬ್ಬಿಣದ ಗುಡ್ಡೆ, ಇನ್ನೊಂದು ಕಡೆ ಪ್ಲಾಸ್ಟಿಕ್ಕು, ಮೂಲೆಯಲ್ಲಿ ಚೀಲ ಕಟ್ಟಿಟ್ಟ ತಾಮ್ರ, ಹಿತ್ತಾಳೆ, ಮತ್ತೆ ನಾವು ಜರ್ಮನ್ ಅಂತ ಕರೆಯುವ ಅಲ್ಯೂಮಿನಿಯಂ ಬೋಗುಣಿಗಳು. ಬಾಗಿಲ ಬಳಿ ತಕ್ಕಡಿ. ಅದರ ಪಕ್ಕದಲ್ಲಿ ನಾಲ್ಕು ಮಡಿಕೆ ಹಾಕಿದ ಗೋಣಿಚೀಲ. ಅದು ಅತ್ತೆಯ ಜಾಗ. ಮಾವ ತೀರಿಕೊಂಡ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು ಊರೂರು ತಿರುಗಿ ಈ ಅಂಗಡಿ ಮಾಡಿದವರು ಅವರೇ. ಈಗ ಒಂದು ಕಣ್ಣಿಗೆ ಆಪರೇಷನ್ ಆದರೂ ಮಸುಕು ಹೋಗಿಲ್ಲ, ಇನ್ನೊಂದರಲ್ಲಿ ಪೊರೆ ಬೆಳೆಯುತ್ತಿದೆ. ಆದರೂ ಬೆಳಿಗ್ಗೆ ತಕ್ಕಡಿಗೆ ಕುಂಕುಮ ಹಚ್ಚಿ ಕೂತರೆಂದರೆ ಊಟಕ್ಕೆ ಬಿಟ್ಟು ಮತ್ತಾವುದಕ್ಕೂ ಏಳುವವರಲ್ಲ. ಅವರು ಅಲ್ಲಿ ಕೂತಿದ್ದರೆ ಮಾಲು ತಂದವರು ತಕ್ಕಡಿಯ ಕಡೆ ನೋಡುವುದೇ ಇಲ್ಲ. ಎಷ್ಟಾಯಿತು ಅಂತ ಅವರ ಬಾಯಿಂದ ಕೇಳಿ, ಆಯಿತು ಅನ್ನುತ್ತಾರೆ.

ನಾನೂ ನಮ್ಮವರೂ ಸಣ್ಣ ಟೆಂಪೊ ತೆಗೆದುಕೊಂಡು ಸುತ್ತಲಿಕ್ಕೆ ಹೋಗುವವರು. ನಮ್ಮವರು ಗಾಡಿ ಹೊಡೆಯುತ್ತಾರೆ, ನಾನು ಕೂಗುತ್ತೇನೆ. ಒಂದು ದಿನ ಕಿತ್ತೂರಿನ ಹೈವೇ ಗ್ಯಾರೇಜುಗಳು, ಒಂದು ದಿನ ದೊಡವಾಡ, ಒಂದು ದಿನ ಸವದತ್ತಿ ದಾಟಿ ಉಗರಗೋಳ, ತಿಂಗಳಿಗೊಮ್ಮೆ ರಾಮದುರ್ಗದ ಕಡೆ ಸಾಲಹಳ್ಳಿಯ ತನಕ. ಹಳ್ಳಿಗಳಲ್ಲಿ ರೊಕ್ಕ ಕೊಡುವುದು ಕಡಿಮೆ. ಹಳೆಯ ಕಬ್ಬಿಣಕ್ಕೆ ಉಳ್ಳಾಗಡ್ಡಿ, ತಾಮ್ರ ಹಿತ್ತಾಳೆ ಇದ್ದರೆ ಸ್ಟೀಲಿನ ಡಬ್ಬಿ. ತೂಕಕ್ಕೆ ತಕ್ಕಷ್ಟು ಉಳ್ಳಾಗಡ್ಡಿ ಸುರಿದ ಮೇಲೂ ಹೆಂಗಸರು ಸೆರಗು ಒಡ್ಡಿಕೊಂಡೇ ನಿಂತಿರುತ್ತಾರೆ. "ಕೊಸರ ಹಾಕವಾ," ಅನ್ನುತ್ತಾರೆ. ಕೊಸರು ಅಂದರೆ ಲೆಕ್ಕದ ಮೇಲೆ ಸುಮ್ಮನೆ ಕೊಡುವ ಹೆಚ್ಚಿನದು. ಕೊಡದೇ ಮುಂದಕ್ಕೆ ಹೋದರೆ ಮುಂದಿನ ಸಲ ಆ ಓಣಿಯಲ್ಲಿ ಒಂದು ಮೊಳೆಯೂ ಹುಟ್ಟುವುದಿಲ್ಲ.

ನಮ್ಮ ಮನೆಯಲ್ಲಿ ವಿದ್ಯೆ ಅಂದರೆ ಒಂದೇ. ಹಳೆಯ ಲೌಡ್‌ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ಟಿಗೆ ದಾರ ಕಟ್ಟಿ ಇಟ್ಟುಕೊಂಡಿದ್ದೇವೆ. ಅದು ಅಂಟಿದರೆ ಕಬ್ಬಿಣ, ಅಂಟದಿದ್ದರೆ ಸ್ಟೀಲು. ಇದರ ಆಚೆ ನಾವು ಏನೂ ಯೋಚಿಸಿದವರಲ್ಲ.

ಕಿತ್ತೂರಿನ ಗ್ಯಾರೇಜಿನವರು ಒಂದು ಹೊಸ ನಮೂನೆಯ ಡಬ್ಬಿ ಕೊಡಲಿಕ್ಕೆ ಶುರು ಮಾಡಿದಾಗಲೂ ಹಾಗೇ ಆಯಿತು. ಈಚೆಗೆ ಬಂದ ಡೀಸೆಲ್ ಗಾಡಿಗಳಿಗೆ ಸೈಲೆನ್ಸರಿನ ಮುಂಚೆ ಸೋರೆಕಾಯಿಯಂಥ ಒಂದು ದಪ್ಪ ಡಬ್ಬಿ ಇರುತ್ತದೆ. ಹೊಗೆಯೊಳಗಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದಂತೆ. ಗಾಡಿ ಅಪಘಾತದಲ್ಲಿ ಹೋದರೆ, ಇಲ್ಲವೆ ಡಬ್ಬಿ ಕಟ್ಟಿಕೊಂಡು ಹೊಸದು ಹಾಕಿದರೆ, ಹಳೆಯದು ಗ್ಯಾರೇಜಿನ ಹಿಂದೆ ಬಿದ್ದಿರುತ್ತದೆ. ನಮ್ಮವರು ಮ್ಯಾಗ್ನೆಟ್ ಇಳಿಬಿಟ್ಟರು, ಟಕ್ ಅಂತ ಅಂಟಿತು. ಕಬ್ಬಿಣ! ಕಬ್ಬಿಣದ ರೇಟಿಗೆ ತಂದೆವು. ಒಡೆದರೆ ಒಳಗೆ ಕಲ್ಲು. ಉದ್ದಕ್ಕೂ ಸಣ್ಣ ಸಣ್ಣ ಚೌಕದ ತೂತಿನ, ಜೇನುಹುಟ್ಟಿನಂಥ ಕಲ್ಲು. ಕಲ್ಲು ಸೇರಿಸಿ ಕಬ್ಬಿಣ ಅಂತ ಮಾರಿದರೆ ಮುಂದಿನ ವ್ಯಾಪಾರಿ ಬಯ್ಯುತ್ತಾನೆ. ಹಾಗಾಗಿ ಸುತ್ತಿಗೆಯಿಂದ ಒಡೆದು, ಮೇಲಿನ ಸಿಪ್ಪೆ ಗುಡ್ಡೆಗೆ ಹಾಕಿ, ಕಲ್ಲನ್ನು ಹಿತ್ತಲಿಗೆ ಒಗೆಯುತ್ತಿದ್ದೆವು.

ಆ ಕಲ್ಲನ್ನು ಬಟ್ಟೆ ಸೋಡಾ ಹಾಕಿದ ನೀರಿನಲ್ಲಿ ನೆನೆಸಿ ಮಸಿ ತೆಗೆದು ಒಣಗಿಸಿದರೆ ಹಿಮ್ಮಡಿ ತಿಕ್ಕಲಿಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಡೆದ ಹಿಮ್ಮಡಿ ಎರಡು ವಾರದಲ್ಲಿ ಮಗುವಿನ ಗಲ್ಲದಂತಾಗುತ್ತದೆ. ಇದು ಯಾರಿಗೆ ಮೊದಲು ಹೊಳೆಯಿತು ಅನ್ನುವುದು ಇರಲಿ, ಅದೇ ಮುಂದೆ ನನ್ನ ಕುತ್ತಿಗೆಗೆ ಬಂತು. ಅಂತೂ ವರ್ಷ ಒಪ್ಪತ್ತಿನಲ್ಲಿ ಆ ಕಲ್ಲಿನ ತುಂಡುಗಳು ನಮ್ಮ ಕೊಸರಾಗಿಬಿಟ್ಟವು. ಅಂಗಡಿಗೆ ಬಂದ ಹೆಂಗಸರಿಗೆ ಅತ್ತೆ ಒಂದೊಂದು ತುಂಡು ಕೊಡುವುದನ್ನು ನಾನು ದಿನಾ ನೋಡುತ್ತಿದ್ದೆ.

ಹೀಗಿರುವಾಗ ಒಂದು ಗುರುವಾರ ಹುಬ್ಬಳ್ಳಿಯಿಂದ ಒಬ್ಬ ವ್ಯಾಪಾರಿ ಬಂದ. ಕಿತ್ತೂರಿನ ಗ್ಯಾರೇಜಿನವರು ನಮ್ಮ ಅಂಗಡಿಯ ಗುರುತು ಹೇಳಿ ಕಳಿಸಿದ್ದರು. ಅಚ್ಚುಕಟ್ಟಾದ ಮನುಷ್ಯ. ಬಾಯಿಗೆ ಮಾಸ್ಕು, ಕೈಗೆ ಗ್ಲೌಸು, ಕಿಸೆಯಲ್ಲಿ ಸಣ್ಣ ಟಾರ್ಚು. ಕಬ್ಬಿಣದ ಗುಡ್ಡೆ ಏರಿ ಒಂದು ಸಿಪ್ಪೆ ಎತ್ತಿಕೊಂಡು ಬಂದು ಕೇಳಿದ.

"ಅಕ್ಕಾರ, ಇದರ ಒಳಗಿಂದು ಎಲ್ಲಿ?"

"ಒಳಗ ಬರೇ ಕಲ್ಲ ಇತ್ರಿ ಅಣ್ಣಾರ. ತಗದ ಒಗದೇವಿ."

ಅವನು ಪಕ್ಕದಲ್ಲಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತ. "ಅಯ್ಯ ಅಕ್ಕಾರ! ಬಾಳಿಹಣ್ಣ ಒಗದು ಸಿಪ್ಪಿ ಮಾರಾಕತ್ತೀರೆಲ್ಲ!"

ಆಮೇಲೆ ತನ್ನ ಕಾರಿನಿಂದ ಎರಡು ಇಡೀ ಡಬ್ಬಿ ತಂದು ನಮ್ಮ ಮುಂದೆ ಇಟ್ಟು ಪಾಠ ಮಾಡಿದ. ಒಂದರ ಬೆನ್ನಿಗೆ ಟಾರ್ಚು ಹಿಡಿದ. ಈ ಕಡೆಯಿಂದ ನೋಡಿದರೆ ಸಾವಿರ ತೂತಿನಲ್ಲಿ ಬೆಳಕು. "ಇದು ಎಂಜಿನ್ನಿಗೆ ಹತ್ತಿರ ಇರೂದು. ಕಲ್ಲಿನ ಮ್ಯಾಲೆ ಪ್ಲಾಟಿನಂ ಲೇಪ ಇರತೈತಿ. ಒಡವಿ ಅಂಗಡ್ಯಾಗ ಬಂಗಾರದ ಮಗ್ಗಲಕ್ಕ ಇಡ್ತಾರಲ್ಲ, ಅದ." ಇನ್ನೊಂದಕ್ಕೆ ಹಿಡಿದ. ಕತ್ತಲು. "ಇದು ಖರೇ ಫಿಲ್ಟರ್. ಒಂದ ತೂತು ತೆರದೈತಿ, ಅದರ ಮಗ್ಗಲಿಂದು ಮುಚ್ಚೈತಿ. ಮಸಿ ಇದರಾಗ ಸಿಗತೈತಿ. ಇದರಾಗ ಲೇಪ ಕಡಿಮಿ, ಕೆಲವಕ್ಕ ಇರೂದ ಇಲ್ಲ. ಅದಕ್ಕ ಡಬ್ಬಿ ಮ್ಯಾಲಿನ ನಂಬರ ನೋಡಬೇಕು. ನಂಬರ ಹೇಳತೈತಿ ಇದರ ಕಿಮ್ಮತ್ತು, ತೂಕ ಅಲ್ಲ." ಒಡೆಯಬಾರದಂತೆ. ಒಡೆದರೆ ಬೆಲೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಮಸಿ, ಆ ಪುಡಿ ಎದೆಗೆ ಕೆಟ್ಟದ್ದಂತೆ. ಓಡುವ ಗಾಡಿಯಿಂದ ಬಿಚ್ಚಿ ತಂದದ್ದನ್ನು ಮಾತ್ರ ತಾನು ಮುಟ್ಟುವುದಿಲ್ಲ ಅಂದ. ಒಡೆದ ಲೇಪದ ಕಲ್ಲಿಗೂ ಬೆಲೆ ಇದೆ, ಇದ್ದಷ್ಟು ಕೂಡಿಡಿ, ತಗೊಳ್ಳುತ್ತೇನೆ ಅಂದ.

ಎಷ್ಟು ಒಡೆದಿದ್ದೆವು! ಎಷ್ಟು ಹಂಚಿದ್ದೆವು! ಬೈಲಹೊಂಗಲದ ಅರ್ಧ ಹೆಂಗಸರು ಪ್ಲಾಟಿನಂ ಹಚ್ಚಿ ಹಿಮ್ಮಡಿ ತಿಕ್ಕಿಕೊಂಡಿದ್ದಾರೆ, ಸಕ್ಕರೆ ಕಾರ್ಖಾನೆ ಮಾಲೀಕರ ಮನೆಯ ಹೆಂಗಸರಿಗೂ ಈ ಭಾಗ್ಯ ಇರಲಿಕ್ಕಿಲ್ಲ. ಈಗ ನೆನೆದರೆ ನಗು ಬರುತ್ತದೆ. ಆವತ್ತು ಬರಲಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಓಣಿಯ ಹೆಂಗಸೊಬ್ಬಳು ಹಳೆಯ ಬಕೆಟ್ಟು ತಂದು ತೂಗಿಸಿ, "ಅತ್ತಿ, ಹಿಮ್ಮಡಿ ಕಲ್ಲ ಕೊಡ್ರಿ ಕೊಸರಿಗೆ," ಅಂದಳು. ಅತ್ತೆ ತಮ್ಮ ಪಾಡಿಗೆ ತಾವು ಗೋಣಿಯ ಮಗ್ಗುಲಲ್ಲಿದ್ದ ಕೊನೆಯ ತುಂಡನ್ನು ತಡಕಿ ಎತ್ತಿ ಅವಳ ಕೈಗೆ ಇಟ್ಟರು. ವ್ಯಾಪಾರಿಯ ಕಣ್ಣ ಮುಂದೆಯೇ.

ನನ್ನ ಬಾಯಿ ತೆರೆಯಿತು. "ಕಣ್ಣ ಕಾಣೂದಿಲ್ಲಂದ್ರ ತಕ್ಕಡಿ ಬಿಟ್ಟ ಏಳ್ರಿ! ಊರ ಮಂದಿಗೆಲ್ಲ ಬಂಗಾರ ಹಂಚಿ ಕುಂತೀರಿ! ನಿಮ್ಮಿಂದ ಎಲ್ಲಾ ಹಾಳಾತು!"

ಆ ಹೆಂಗಸು ತುಂಡನ್ನು ತಕ್ಕಡಿಯ ಮೇಲಿಟ್ಟು ಮೆಲ್ಲಗೆ ಜಾರಿದಳು. ನಮ್ಮವರು ನೆಲ ನೋಡುತ್ತ ನಿಂತರು. ಅತ್ತೆ ಕಂಬ ಹಿಡಿದು ಎದ್ದರು, ಸೆರಗು ಸರಿಮಾಡಿಕೊಂಡರು. "ಖರೇ ಐತಿ ಯವ್ವಾ. ಕಣ್ಣಿಲ್ಲದಾಕಿ ತಕ್ಕಡಿ ಮುಂದ ಕುಂಡ್ರಬಾರದು," ಅಂದು ಗೋಡೆ ಸವರುತ್ತ ಒಳಗೆ ಹೋದರು. ವ್ಯಾಪಾರಿಗೆ ಮುಜುಗರವಾಗಿ, "ಮುಂದಿನ ಗುರುವಾರ ಬರತೇನ್ರಿ," ಅಂತ ಕಾರು ಹತ್ತಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ನಾನು ಎರಡೂ ಕೆಲಸ ಮಾಡಿ ಕೂತಿದ್ದೆ.

ಮರುದಿನ ಬೆಳಿಗ್ಗೆ ಅತ್ತೆ ಹೊರಗೆ ಬರಲಿಲ್ಲ. ಒಳಕೋಣೆಯಲ್ಲಿ ಕೂತು ಹತ್ತಿ ಹಿಂಜಿ ದೀಪದ ಬತ್ತಿ ಹೊಸೆಯತೊಡಗಿದರು. ಹೊಸೆದರು, ಹೊಸೆದರು, ಊರಿನ ಎಲ್ಲ ಗುಡಿಗೆ ವರ್ಷಕ್ಕಾಗುವಷ್ಟು ಹೊಸೆದರು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟ. ಊಟಕ್ಕೆ ಕರೆದರೆ ಬರುತ್ತಿದ್ದರು, "ಪಲ್ಯ ಚಲೋ ಆಗೈತಿ" ಅನ್ನುತ್ತಿದ್ದರು, ಮತ್ತೆ ಬತ್ತಿಗೆ ಹೋಗುತ್ತಿದ್ದರು. ತಕ್ಕಡಿಗೆ ಬರ್ರಿ ಅಂದರೆ, "ಬ್ಯಾಡವಾ, ನನ್ನ ಕೆಲಸ ಮುಗೀತು," ಅಂತ ಒಂದೇ ಮಾತು. ಜಗಳಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಇಪ್ಪತ್ತು ವರ್ಷ ಅವರು ಜಗಳಕ್ಕೆ ಕಡಿಮೆ ಮಾಡಿದವರೇ ಅಲ್ಲ.

ತಕ್ಕಡಿಗೆ ನಾನು ಕೂತೆ. ಅವರ ಗೋಣಿಯ ಮೇಲೆ ಕೂರಲು ಮನಸ್ಸು ಬರಲಿಲ್ಲ, ಪೇಂಟಿನ ಡಬ್ಬ ಬೋರಲು ಹಾಕಿ ಕೂತೆ. ಬಂದವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, "ಅತ್ತಿ ಎಲ್ಲಿ?" ಆಮೇಲೆ ಬಗ್ಗಿ ತಕ್ಕಡಿಯ ನಂಬರು ನೋಡುವುದು. ಒಬ್ಬ ಮುದುಕನಂತೂ, "ಇನ್ನೊಮ್ಮೆ ತೂಗ ತಂಗಿ," ಅಂದ. ನನಗೆ ಮೈಯೆಲ್ಲ ಉರಿಯಿತು. ಸಂಜೆ ಹೊತ್ತಿಗೆ ಉರಿ ಇಳಿದು, ಅತ್ತೆ ಇಲ್ಲದ ಅಂಗಡಿ ಅಂಗಡಿಯೇ ಅಲ್ಲ ಅನ್ನಿಸಿತು.

ನಾನೊಂದು ಉಪಾಯ ಮಾಡಿದೆ. ಹಂಚಿದ ಕಲ್ಲನ್ನೆಲ್ಲ ವಾಪಸ್ಸು ತಂದರೆ ಸಿಟ್ಟಿನ ಕಾರಣವೇ ಇರುವುದಿಲ್ಲ, ಅತ್ತೆ ನಕ್ಕು ಎದ್ದು ಬರುತ್ತಾರೆ. ಆಸೆಯೂ ಇತ್ತು, ಇಲ್ಲ ಅನ್ನುವುದಿಲ್ಲ. ಪ್ಲಾಟಿನಂ ಅಂದರೆ ಯಾರ ಬಾಯಲ್ಲಿ ನೀರು ಬರುವುದಿಲ್ಲ? ಎರಡು ದಿನ ಅಂಗಡಿ ಮುಚ್ಚಿ, ಟೆಂಪೊದಲ್ಲಿ ಉಳ್ಳಾಗಡ್ಡಿ, ಸ್ಟೀಲಿನ ಡಬ್ಬಿ ತುಂಬಿಕೊಂಡು ಗಂಡಹೆಂಡತಿ ಹೊರಟೆವು.

ಮೊದಲು ದೊಡವಾಡ. ಒಂದು ಮನೆಯ ಕಟ್ಟೆಯ ಮೇಲೆ ಐದಾರು ಹೆಂಗಸರು ಶೇಂಗಾ ಸುಲಿಯುತ್ತಿದ್ದರು. ಕೊಟ್ಟ ಕಲ್ಲು ವಾಪಸ್ಸು ಬೇಕು ಅಂದದ್ದಕ್ಕೆ ಅವರು ನಕ್ಕದ್ದು ಬಸ್ ಸ್ಟ್ಯಾಂಡಿನ ತನಕ ಕೇಳಿರಬೇಕು. ಅವರಲ್ಲಿ ದೊಡ್ಡವಳೊಬ್ಬಳು ಸೀರೆ ಮೇಲೆತ್ತಿ ಹಿಮ್ಮಡಿ ನನ್ನ ಮುಖದ ಮುಂದೆ ತಂದಳು. "ನೋಡವಾ, ಕನ್ನಡಿ ಆಗೈತಿ. ಇದನ್ನ ಬಿಟ್ಟ ಮತ್ತ ಬಿರಕ ಕಾಲ ಮಾಡ್ಕೊಳ್ಳಲೇನು?" ಅಂದಳು.

"ಸ್ಟೀಲ್ ಡಬ್ಬಿ ಕೊಡತೇನ್ರಿ."

"ಡಬ್ಬಿ ಸರಿ. ಕೊಸರಿಗೇನ ಕೊಡತಿ?"

ನಮ್ಮ ಕಲ್ಲು ನಮಗೆ ಕೊಡಲಿಕ್ಕೂ ಕೊಸರು! ಹಲ್ಲು ಕಚ್ಚಿ ಉಳ್ಳಾಗಡ್ಡಿ ಅಳೆದೆ. ಸಿಟ್ಟು ಯಾರ ಮೇಲಾದರೂ ಹಾಕಬೇಕಲ್ಲ, "ಏನ ಮಾಡೂದ್ರಿ, ನಮ್ಮ ಅತ್ತಿಗೆ ಕಣ್ಣ ಕಾಣೂದಿಲ್ಲ, ಹಂಚಿಬಿಟ್ಟಾರ," ಅಂದೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಮ್ಮತ್ತಿ ಎಲ್ಲಿ ಬಂದಾಳವಾ ಇಲ್ಲಿ?" ಅಂದಳು ಆ ದೊಡ್ಡವಳು. "ನೀನ ಕೊಟ್ಟಿ. ಇದ ಕಟ್ಟಿ ಮ್ಯಾಲ ಕುಂತು, ಚಪ್ಪಲಿ ಬಿಚ್ಚಿ, ನಿನ್ನ ಕಾಲ ತಿಕ್ಕಿ ತೋರಿಸಿದಿ. ಉಳ್ಳಾಗಡ್ಡಿ ಕೊಸರ ಬ್ಯಾಡ, ಇದ ತಗೋರಿ, ಇದಕ್ಕ ರೊಕ್ಕ ಬೀಳೂದಿಲ್ಲ ಅಂದಿ!"

ಕಟ್ಟೆ ನೆನಪಾಯಿತು, ಚಪ್ಪಲಿ ನೆನಪಾಯಿತು, ಎಲ್ಲರೂ ನನ್ನ ಕಾಲು ನೋಡಿ ಹಾ ಅಂದದ್ದೂ ನೆನಪಾಯಿತು. ಅತ್ತೆ ಅಂಗಡಿ ಬಿಟ್ಟು ಹೊರಗೆ ಹೋಗಿ ಎಷ್ಟು ವರ್ಷವಾಯಿತು! ಊರೂರಿಗೆ ಕಲ್ಲು ಹೋಗಿದ್ದರೆ ನನ್ನ ಕೈಯಿಂದಲೇ ಹೋಗಬೇಕು. ಇಷ್ಟು ಸೀದಾ ಲೆಕ್ಕ ನನಗೆ ಯಾಕೆ ಹೊಳೆದಿರಲಿಲ್ಲ? ಹೊಳೆಯಲಿಕ್ಕೆ ನಾನು ಬಿಟ್ಟಿದ್ದರೆ ತಾನೆ.

ಮುಂದೆ ಉಗರಗೋಳ. ದೇವಿಯ ಗುಡ್ಡಕ್ಕೆ ಹೋಗುವ ಭಕ್ತರಿಗೆ ಕುಂಕುಮ, ಭಂಡಾರದ ಅರಿಶಿನ ಮಾರುವ ಒಂದು ಅಂಗಡಿಯಲ್ಲಿ ನಮ್ಮ ಕಲ್ಲು ದೇವಿಯ ಫೋಟೊದ ಮುಂದೆ ಕೂತಿತ್ತು, ಮೈತುಂಬ ಊದಿನಕಡ್ಡಿ ಸಿಕ್ಕಿಸಿಕೊಂಡು. ಚೌಕದ ತೂತುಗಳು ಊದಿನಕಡ್ಡಿಗೆ ಹೇಳಿ ಮಾಡಿಸಿದಂತಿದ್ದವು. ಅಂಗಡಿಯಾಕೆ, "ಕಾಲ ತಿಕ್ಕಾಕ ಅಂತ ನೀ ಕೊಟ್ಟಿದ್ದಿ, ನನಗ ಮನಸ ಬರಲಿಲ್ಲ. ನೋಡ, ಎಷ್ಟ ಚಂದ ಕಾಣತೈತಿ. ದೇವ್ರಿಗೆ ಮುಟ್ಟಿದ್ದ ಹೆಂಗ ಕೊಡ್ಲಿ?" ಅಂದಳು. ಹೌದಲ್ಲ, ಹೇಗೆ ಕೇಳುವುದು? ನಾನು ಕೈಮುಗಿದೆ. ನಮ್ಮವರು ಪಕ್ಕದಲ್ಲಿ ನಿಂತು ಕೈಮುಗಿಯುವ ನೆವದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರ ಹೆಗಲು ಕುಣಿಯುವುದು ನನಗೆ ಕಾಣುತ್ತಿತ್ತು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಅಂಗಡಿಯಾಕೆಗೆ ಏನೂ ತಿಳಿಯದಿದ್ದರೂ ಅವಳೂ ನಕ್ಕು, ಇಬ್ಬರ ಹಣೆಗೂ ಭಂಡಾರ ಬಳಿದು ಕಳಿಸಿದಳು.

ಮರುದಿನ ಸಾಲಹಳ್ಳಿ. ಅಲ್ಲಿ ಒಬ್ಬ ಅಜ್ಜಿ ನಮ್ಮ ಕಲ್ಲಿನಿಂದ ಬೋಗುಣಿಯ ತಳದ ಕಪ್ಪು ತಿಕ್ಕುತ್ತ ಕೂತಿದ್ದಳು. ಕೇಳಿದ್ದೇ ತಡ, ತೊಳೆದು ಒರೆಸಿ ನನ್ನ ಕೈಗೆ ಕೊಟ್ಟಳು. ಡಬ್ಬಿ ಕೊಡಲು ಹೋದರೆ ಬೇಡ ಅಂದಳು.

"ನೀ ಬೈಲಹೊಂಗಲದಾಕಿ ಸೊಸಿ ಅಲ್ಲೇನು? ಆಕಿ ಬುಟ್ಟಿ ಹೊತ್ತ ಬರತಿದ್ಲು ಇಲ್ಲಿಗೆ. ಇದ ಪಡಸಾಲ್ಯಾಗ ಕುಂತು ನನ್ನ ಕೂಡ ರೊಟ್ಟಿ ತಿಂದಾಳ. ಆಕಿ ತೂಗಿದ್ದನ್ನ ನಾ ಎಂದೂ ಎರಡನೇ ಸಲ ತೂಗಿಸಲಿಲ್ಲ. ಚಲೋ ಅದಾಳೇನ?"

ಅದಾರ್ರಿ, ಅಂದೆ. ಬಾಯಿಗೆ ಹೆಸರಾದ ನಾನು ಅಜ್ಜಿಯ ಮುಂದೆ ಬೋಗುಣಿ ನೋಡುತ್ತ ನಿಂತೆ. ನನಗೆ ನನ್ನ ಮೇಲೇ ನಾಚಿಕೆಯಾಗಿತ್ತು.

ವಾಪಸ್ಸು ಬರುವಾಗ ನಮ್ಮವರು ರಸ್ತೆ ನೋಡುತ್ತಲೇ ಹೇಳಿದರು. "ಅವ್ವ ಮೊದಲ ಅಂದಿದ್ಲು. ಕಲ್ಲ ಒಗೀಬ್ಯಾಡ್ರಿ, ಕೂಡಿ ಇಡ್ರಿ. ಕಲ್ಲಿಗೆ ಯಾವನೂ ಸುಮ್ಕ ಉಕ್ಕಿನ ಅಂಗಿ ಹೊಲಸೂದಿಲ್ಲ ಅಂತ. ನೀನ ಜಾಗಾ ಇಲ್ಲ ಅಂತ ಬೈದಿ."

ಅದೂ ನೆನಪಾಯಿತು. ದೇವರೇ, ಅದೂ ಹೌದು. ಅವರು ಅಂದದ್ದು, ನಾನು ನಕ್ಕದ್ದು, ಹಿತ್ತಲಿನಿಂದ ತುಂಡು ಎತ್ತಿ ತಂದು ಅವರ ಎದುರಿಗೇ ಕಾಲು ತಿಕ್ಕಿಕೊಂಡು, ಇಗಾ ನಿಮ್ಮ ಬಂಗಾರ ಅಂದದ್ದು. ಆಮೇಲೆ ಅವರೂ ನನ್ನಂತೆ ಹಂಚತೊಡಗಿದ್ದರು, ಅಷ್ಟೆ.

"ಮತ್ತ ಆವತ್ತ ಯಾಕ ಬಾಯಿ ಬಿಡಲಿಲ್ರಿ ನೀವು?" ಅಂತ ಅವರ ಮೇಲೆ ಹಾಯ್ದೆ.

"ನಿನ್ನ ಬಾಯಿ ತೆರದಿತ್ತಲ್ಲ, ನನ್ನದಕ್ಕ ಜಾಗಾ ಎಲ್ಲಿತ್ತು?" ಅಂದರು. ಸವದತ್ತಿ ಬರುವ ತನಕ ಮಾತಾಡಲಿಲ್ಲ ನಾನು. ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಮದುವೆಯಾದ ಮೇಲೆ ಅದೇ ಮೊದಲು ಅಂತ ನಮ್ಮವರು ಈಗಲೂ ಊರಿಗೆಲ್ಲ ಹೇಳುತ್ತಾರೆ.

ಮನೆಗೆ ಬಂದು, ತಪ್ಪಾಯಿತು ಅಂತ ಹೇಳಿಬಿಡಬೇಕು ಅಂತ ಒಳಕೋಣೆಗೆ ಹೋದೆ. ಅತ್ತೆ ಬತ್ತಿಯಿಂದ ತಲೆ ಎತ್ತಿದರು. ನನ್ನ ಬಾಯಿಂದ ಬಂದದ್ದು, "ಅತ್ತಿ, ಸಾರಿಗೆ ಹುಣಸಿಹಣ್ಣ ಎಷ್ಟ ಹಾಕ್ಲಿ?" ಅಂತ. ಇಪ್ಪತ್ತು ವರ್ಷದಿಂದ ಸಾರು ಮಾಡುತ್ತಿರುವವಳು! ಅವರು ಗಂಭೀರವಾಗಿ, "ಲಿಂಬಿಹಣ್ಣಿನಷ್ಟ ಹಾಕ," ಅಂದರು. ಹೊರಗೆ ಬಂದೆ. ಇನ್ನೊಮ್ಮೆ ಹೋದೆ, ದೀಪಕ್ಕೆ ಎಣ್ಣೆ ಇದೆಯೇ ಅಂತ ಕೇಳಿ ಬಂದೆ. ಬೈಯಲಿಕ್ಕೆ ಸರಸರ ಓಡುವ ನಾಲಿಗೆ ಈ ಒಂದು ಮಾತಿಗೆ ಎಡವಿತು. ರಾತ್ರಿ ಮಲಗಿದಾಗ ತಿಳಿಯಿತು, ಒಳಕೋಣೆಯಲ್ಲಿ ಹೇಳಿದರೆ ಇದು ತೀರುವುದೇ ಇಲ್ಲ. ಬೈದದ್ದು ಹೊರಗಿನವನ ಎದುರಿಗೆ. ಹೇಳಬೇಕಾದದ್ದೂ ಅವನ ಎದುರಿಗೇ.

ಗುರುವಾರ ಹುಬ್ಬಳ್ಳಿಯವನು ಬಂದ. ಈ ಸಲ ಕಿತ್ತೂರಿನಿಂದ ನಾವು ತಂದಿಟ್ಟಿದ್ದ, ಒಡೆಯದ ಆರು ಡಬ್ಬಿಗಳಿದ್ದವು, ಅರ್ಧ ಚೀಲ ವಾಪಸ್ಸು ಗಳಿಸಿದ ಕಲ್ಲೂ ಇತ್ತು. ಅವನು ಮಾಸ್ಕು ಹಾಕಿ ಟಾರ್ಚು ತೆಗೆಯುವಷ್ಟರಲ್ಲಿ ನಾನು, "ಜರಾ ತಡೀರಿ ಅಣ್ಣಾರ," ಅಂದು ಒಳಗೆ ಹೋಗಿ ಅತ್ತೆಯ ಕೈ ಹಿಡಿದೆ. "ಬರ್ರಿ ಹೊರಗ. ಒಂದ ಮಾತ ಐತಿ." ಯಾಕೋ ಅವರು ಬೇಡ ಅನ್ನಲಿಲ್ಲ, ಕೈಯಲ್ಲಿದ್ದ ಬತ್ತಿಯ ಸಮೇತ ಎದ್ದು ಬಂದರು. ಶೆಡ್ಡಿನಲ್ಲಿ ಮಾಲು ತಂದ ಓಣಿಯವರೂ ಇಬ್ಬರಿದ್ದರು. ಇರಲಿ, ಕೇಳಲಿ ಅನ್ನಿಸಿತು.

"ಅಣ್ಣಾರ," ಅಂದೆ, "ಹೋದ ವಾರ ನಿಮ್ಮ ಮುಂದ ನಮ್ಮ ಅತ್ತಿಗೆ ಬೈದ್ನೆಲ್ಲ, ತಪ್ಪ ಅವ್ರದ ಅಲ್ರಿ. ಕಲ್ಲ ಒಗದಾಕಿ ನಾ, ಹಂಚಿದಾಕಿ ನಾ. ಕೂಡಿ ಇಡ್ರಿ ಅಂತ ಅವ್ರ ಮೊದಲ ಹೇಳಿದ್ರು. ನಾ ಕೇಳಲಿಲ್ಲ." ಅತ್ತೆಯ ಕಡೆ ತಿರುಗಿ, "ತಪ್ಪಾತ್ರಿ ಅತ್ತಿ," ಅಂದೆ.

ಅತ್ತೆ ಕಿವಿಗೆ ಕೈ ಇಟ್ಟುಕೊಂಡರು. "ಏನಂದಿ? ಜರಾ ಜೋರ ಹೇಳ. ಬೈಯುವಾಗ ಊರ ಅಗಸಿ ಬಾಗಲ ತನಕ ಕೇಳಿತ್ತು."

ಓಣಿಯವರು ಕಿಸಕ್ಕನೆ ನಕ್ಕರು. ನಾನು ಅಳುತ್ತಲೇ ಕೂಗಿದೆ, "ತಪ್ಪಾತ್ರೀ ಅತ್ತೀ!"

"ಹಾಂ, ಈಗ ಕೇಳ್ತು," ಅಂದರು ಅತ್ತೆ. ಆಮೇಲೆ ತಡಕುತ್ತ ಹೋಗಿ ತಮ್ಮ ಗೋಣಿಯ ಮೇಲೆ ಕೂತರು. ವಾರದ ಮೇಲೆ ಅವರನ್ನು ಅಲ್ಲಿ ನೋಡಿ ನನಗೆ ಆದ ಸಂತೋಷಕ್ಕೆ ಕಾಲು ನಿಲ್ಲಲಿಲ್ಲ.

ಆದರೂ ಕೇಳಬೇಕಿತ್ತು. "ನಿಮಗ ಎಲ್ಲಾ ನೆನಪ ಇತ್ತು. ಆವತ್ತ ಒಂದ ಮಾತ ಯಾಕ ಅನಲಿಲ್ರಿ? ನೀನ ಮಾಡಿದ್ದು ಅಂತ ಯಾಕ ಅನಲಿಲ್ಲ?"

ಅತ್ತೆ ಕೈಯಲ್ಲಿದ್ದ ಬತ್ತಿಯನ್ನು ಸೆರಗಿಗೆ ಕಟ್ಟಿಕೊಂಡರು. "ನಾ ಇನ್ನೆಷ್ಟ ದಿನ ಇಲ್ಲಿ ಕುಂಡ್ರಾಕಿ? ನಾಳೆ ಈ ಜಾಗಾದಾಗ ಕುಂಡ್ರಾಕಿ ನೀ. ಹೊರಗಿನ ಮಂದಿ ಮುಂದ ನಾ ನಿನ್ನ ತಪ್ಪ ತಗದಿದ್ರ, ನಿನ್ನ ತಕ್ಕಡಿ ಮ್ಯಾಲ ಯಾರ ನಂಬಿಕಿ ಇಡತಿದ್ರು? ನನ್ನ ಮ್ಯಾಲ ಹೋದ್ರ ಹೋಗ್ಲಿ ಅಂದೆ. ಮುದುಕಿ, ಕಣ್ಣ ಕಾಣೂದಿಲ್ಲ ಅಂತಾರ, ಮರೀತಾರ."

ಹುಬ್ಬಳ್ಳಿಯವನು ಮಾಸ್ಕು ಕೆಳಗಿಳಿಸಿ ಮೂಗು ಒರೆಸಿಕೊಂಡ. ನಾನು ಅಲ್ಲೇ ನೆಲದ ಮೇಲೆ ಕುಕ್ಕರಿಸಿದೆ.

"ಅಲ್ಲ್ಯಾಕ ಕುಂತಿ? ಬಾ ಇಲ್ಲಿ," ಅಂದು ಅತ್ತೆ ಗೋಣಿಯ ಮೇಲೆ ಒಂದು ಬದಿಗೆ ಸರಿದರು. ಇಪ್ಪತ್ತು ವರ್ಷದಲ್ಲಿ ನಾನು ಆ ಗೋಣಿಯ ಮೇಲೆ ಕೂತದ್ದು ಅದೇ ಮೊದಲು. ಇಬ್ಬರಿಗೆ ಸಾಲುವಷ್ಟು ಅದು ಅಗಲ ಇರಲಿಲ್ಲ, ಒತ್ತಿಕೊಂಡೇ ಕೂತೆವು.

ವ್ಯಾಪಾರಿ ಒಂದು ಫಿಲ್ಟರ್ ಡಬ್ಬಿ ನಮ್ಮ ಮುಂದೆ ಇಟ್ಟ. ಒಳಗಿನ ಕಲ್ಲು ಇಡಿಯಾಗಿದೆಯೋ ಒಡೆದಿದೆಯೋ ನೋಡಬೇಕಿತ್ತು. ಅತ್ತೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟು ಕೇಳಿದರು, ಸಂತೆಯಲ್ಲಿ ಗಡಿಗೆ ಕೊಳ್ಳುವ ಹಾಗೆ.

"ಒಡಕ," ಅಂದರು.

ನಾನೂ ಬಡಿದೆ. ನನಗೆ ಗಟ್ಟಿಯಾಗೇ ಕೇಳಿತು. "ಗಟ್ಟಿ ಐತ್ರಿ ಅತ್ತಿ."

"ಒಡಕ ಅಂದೆ."

"ಏನ್ರಿ ನೀವು, ಗಂಟಿ ಬಾರಿಸಿದ್ಹಂಗ ಕೇಳತೈತಿ! ಕಿವಿ ನೆಟ್ಟಗ ಕೊಟ್ಟ ಕೇಳ್ರಿ."

"ಏ, ನಿನಗೇನ ಗೊತ್ತೈತಿ? ಕಾಲ ತಿಕ್ಕಾಕ ಗೊತ್ತೈತಿ!"

ಇಡೀ ಶೆಡ್ಡು ನಕ್ಕಿತು. ವ್ಯಾಪಾರಿ ಟಾರ್ಚು ಹಚ್ಚಿ ಡಬ್ಬಿಯ ಬೆನ್ನಿಗೆ ಹಿಡಿದು, ಈ ಕಡೆಯಿಂದ ಕಣ್ಣು ಕಿರಿದು ಮಾಡಿ ನೋಡಿದ. ಪೂರಾ ಕತ್ತಲಿರಬೇಕಾದಲ್ಲಿ ಒಂದು ಮೂಲೆಯಿಂದ ಕೂದಲೆಳೆಯಷ್ಟು ಬೆಳಕು ಹಾಯುತ್ತಿತ್ತು.

"ಒಡಕ ಐತ್ರಿ ಅಕ್ಕಾರ," ಅಂದ. ನಾನು ಎದ್ದು ಎಲ್ಲರಿಗೂ ಚಹಾ ಇಡಲು ಹೋದೆ.